ಕೈಬಿಟ್ಟವರು ತಂದೆತಾಯಿಯೇ?

ಮಕ್ಕಳ ಮೂತ್ರಪಿಂಡ ಚಿಕಿತ್ಸಾಲಯದ ಹಳೆಯ ಕೇಸ್‌ಫೈಲುಗಳು ಎಷ್ಟೋ ಸಲ ಒಂದೇ ಸಾಲಿಗೆ ಮುಗಿದುಹೋಗುತ್ತವೆ: ‘ಫಾಲೋಅಪ್‌ಗೆ ಬಂದಿಲ್ಲ’. ಹಿಂದಿನ ಪುಟಗಳಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು, ರಕ್ತದೊತ್ತಡ ಎಷ್ಟಿತ್ತು, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿರುತ್ತದೆ. ಮಗು ಯಾಕೆ ಬರಲಿಲ್ಲ ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ. ಕೇಳಿದರೆ ಉತ್ತರ ಸಿದ್ಧವಾಗಿದೆ. ಹಳ್ಳಿಯವರು, ಓದಿಲ್ಲ, ಮುಖದ ಬಾವು ಇಳಿದ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ, ನಾಟಿ ಔಷಧಿಗೆ ಹೋಗುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಇನ್ನೂ ಸ್ವಲ್ಪ ಕನಿಕರವುಳ್ಳವರಾದರೆ, ‘ಪಾಪ, ದುಡ್ಡಿಲ್ಲ’ ಎನ್ನುತ್ತಾರೆ. ಚಿಕಿತ್ಸೆ ಅರ್ಧಕ್ಕೆ ನಿಂತ ಮಗುವಿನ ಬಗ್ಗೆ ನಮ್ಮ ಸಮಾಜಕ್ಕೆ ಇರುವುದು ಈ ಎರಡೇ ವಿವರಣೆ. ಚಿಕಿತ್ಸಾಲಯದ ಸಮಾಜ ಕಾರ್ಯಕರ್ತೆಯ ಕೆಲಸವೂ ಇವೆರಡರಿಂದಲೇ ಹುಟ್ಟಿದೆ. ಕೇಳದವರಿಗೆ ಆಕೆ ಕೌನ್ಸೆಲಿಂಗ್ ಮಾಡಬೇಕು, ಇಲ್ಲದವರಿಗೆ ಹಣ ಹುಡುಕಿಕೊಡಬೇಕು.

ಈ ಎರಡು ವಿವರಣೆಗಳೂ ಮಕ್ಕಳಿಗೆ ಅನ್ಯಾಯ ಮಾಡುತ್ತಿವೆ ಎಂಬುದು ನನ್ನ ತಕರಾರು. ಮಗು ಬಾರದಿದ್ದುದಕ್ಕೆ ಕಾರಣ ಬಹುಪಾಲು ಚಿಕಿತ್ಸೆಯನ್ನು ನಾವು ಜೋಡಿಸಿಟ್ಟಿರುವ ರೀತಿಯಲ್ಲೇ ಇದೆ. ಅದನ್ನು ಕಂಡುಹಿಡಿಯುವುದು, ಹಾಗೆ ಕಂಡದ್ದನ್ನು ಆಸ್ಪತ್ರೆಯ ಎದುರಿಗಿಟ್ಟು ಜೋಡಣೆಯನ್ನೇ ಬದಲಾಯಿಸುವಂತೆ ಕೇಳುವುದು ಸಮಾಜ ಕಾರ್ಯದ ನಿಜವಾದ ಕೆಲಸ. ಅದಕ್ಕೆ ಆಕೆಗೆ ಸಮಯವನ್ನೂ ಕೊಟ್ಟಿಲ್ಲ, ಅಧಿಕಾರವನ್ನೂ ಕೊಟ್ಟಿಲ್ಲ.

ಮೊದಲು ‘ಕೇಳುವುದಿಲ್ಲ’ ಎಂಬ ಮಾತನ್ನು ನೋಡೋಣ. ಮಕ್ಕಳ ಮೂತ್ರಪಿಂಡದ ಕಾಯಿಲೆಗಳಲ್ಲಿ ಒಂದಾದ ನೆಫ್ರಾಟಿಕ್ ಸಿಂಡ್ರೋಮ್ ಸಾಮಾನ್ಯವಾಗಿ ಎರಡರಿಂದ ಆರು ವರ್ಷದೊಳಗೆ ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತ, ಆಮೇಲೆ ಹೊಟ್ಟೆ, ಕಾಲು. ಮೂತ್ರದಲ್ಲಿ ಪ್ರೋಟೀನು ಸೋರಿಹೋಗುತ್ತಿರುತ್ತದೆ. ಮೊದಲ ಸಲ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಆರು ವಾರ ದಿನವೂ, ಮತ್ತೆ ಆರು ವಾರ ದಿನ ಬಿಟ್ಟು ದಿನ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಿಗೆ ಔಷಧಿ ಹಿಡಿಯುತ್ತದೆ. ಆದರೆ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಆದ್ದರಿಂದ ತಾಯಿ ಮನೆಯಲ್ಲೇ ಮಗುವಿನ ಮುಂಜಾನೆಯ ಮೂತ್ರವನ್ನು ಪಟ್ಟಿಯಿಂದಲೋ, ಕಾಯಿಸಿಯೋ, ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಹನಿ ಹಾಕಿಯೋ ಪರೀಕ್ಷಿಸಿ ಡೈರಿಯಲ್ಲಿ ಬರೆಯಬೇಕು. ಸತತ ಮೂರು ದಿನ ಪ್ರೋಟೀನು ಮೂರು ಪ್ಲಸ್ ಬಂದರೆ ಮರುಕಳಿಸಿತೆಂದು ಲೆಕ್ಕ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಸ್ಟೀರಾಯ್ಡಿನಿಂದ ಮಗುವಿಗೆ ವಿಪರೀತ ಹಸಿವು. ಕೇಳಿದಷ್ಟು ಕೊಡುವಂತಿಲ್ಲ, ಉಪ್ಪು ಕಡಿಮೆ ಮಾಡಬೇಕು. ಮುಖ ಗುಂಡಗಾಗುತ್ತದೆ, ಮೈಮೇಲೆ ಕೂದಲು ಬರುತ್ತದೆ. ಮದುವೆಮನೆಗೆ ಹೋದರೆ ನೆಂಟರೊಬ್ಬರು ಬಂದು ‘ಸ್ಟೀರಾಯ್ಡ್ ಕೊಡ್ತಿದ್ದೀಯಾ? ಮಗೂನ ಕೊಲ್ತೀಯಾ?’ ಎಂದು ಕೇಳುತ್ತಾರೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ ಎಂದು ಆ ನೆಂಟರಿಗೆ ಹೇಳುವ ಹೊಣೆಯೂ ಇಪ್ಪತ್ತಮೂರು ಇಪ್ಪತ್ತನಾಲ್ಕರ ಈ ಹುಡುಗಿಯದೇ, ಅದೂ ಅತ್ತೆ ಮಾವನ ಎದುರಿಗೆ.

ಇಷ್ಟನ್ನು ವರ್ಷಗಟ್ಟಲೆ ಮಾಡುವವಳನ್ನು ನಾವು ಪ್ರಯೋಗಾಲಯದ ತಂತ್ರಜ್ಞೆ ಎನ್ನುವುದಿಲ್ಲ, ದಾದಿ ಎನ್ನುವುದಿಲ್ಲ. ಒಂದು ಸಲ ತಪ್ಪಿದಾಗ ಮಾತ್ರ ಬೇಜವಾಬ್ದಾರಿ ತಾಯಿ ಎನ್ನುತ್ತೇವೆ. ಡೈರಿ ಖಾಲಿ ಇದ್ದರೆ ಅದಕ್ಕೆ ಹತ್ತು ಕಾರಣ ಇರಬಹುದು. ಪರೀಕ್ಷೆಯ ಪಟ್ಟಿ ಊರಿನ ಅಂಗಡಿಯಲ್ಲಿ ಸಿಗದಿರಬಹುದು, ಅವಳಿಗೆ ಬರೆಯಲು ಬಾರದಿರಬಹುದು, ಸೊಸೆ ಬೆಳಿಗ್ಗೆ ಎದ್ದು ಮೂತ್ರ ಕಾಯಿಸುವುದನ್ನು ಮನೆಯವರು ಸಹಿಸದಿರಬಹುದು. ಒಂದೊಂದಕ್ಕೂ ಬೇರೆ ಬೇರೆ ಪರಿಹಾರ. ಮೊದಲನೆಯದಕ್ಕೆ ಆಮ್ಲದ ಸೀಸೆ ಕೊಟ್ಟು ಕಳಿಸಬೇಕು. ಎರಡನೆಯದಕ್ಕೆ ಚುಕ್ಕೆ ಇಡುವ ಡೈರಿ ಸಾಕು. ಮೂರನೆಯದಕ್ಕೆ ಅತ್ತೆಯನ್ನೇ ಚಿಕಿತ್ಸಾಲಯಕ್ಕೆ ಕರೆಸಿ, ಎದುರು ಕೂರಿಸಿಕೊಂಡು, ಅವರ ಕೈಯಿಂದಲೇ ಪರೀಕ್ಷೆ ಮಾಡಿಸಬೇಕು. ಈ ಮೂವರಿಗೂ ಒಂದೇ ಕೌನ್ಸೆಲಿಂಗ್ ಮಾಡಿ, ‘ತಿಳಿಸಿ ಹೇಳಲಾಗಿದೆ’ ಎಂಬಲ್ಲಿ ಸಹಿ ಹಾಕಿಸಿಕೊಂಡರೆ ಆಸ್ಪತ್ರೆಯ ಕಾಗದ ಸರಿಹೋಗಬಹುದು. ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಎಳನೀರಿನ ವಿಷಯವೂ ಹೀಗೇ. ಮೂತ್ರಪಿಂಡ ಬಹಳಷ್ಟು ಸೋತಿರುವ ಮಗುವಿಗೆ ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು. ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಅದು ಧಾರಾಳ. ನಮ್ಮಲ್ಲಿ ಮಗು ಸೊರಗಿದರೆ, ಉರಿಮೂತ್ರ ಎಂದರೆ, ಬಿಸಿಲು ಹೆಚ್ಚಾದರೆ ಮೊದಲು ಕೊಡುವುದೇ ಎಳನೀರು. ಅಜ್ಜಿ ಪ್ರೀತಿಯಿಂದ ಕೊಡುತ್ತಾಳೆ. ‘ಪೊಟ್ಯಾಸಿಯಂ ಇರುವ ಆಹಾರ ಬೇಡ’ ಎಂದು ಅಚ್ಚುಹಾಕಿಸಿದ ಚೀಟಿ ಆ ಅಜ್ಜಿಯ ಕೈಗೆ ತಲುಪುವುದಿಲ್ಲ. ತಲುಪಿಸುವುದು ಆಹಾರತಜ್ಞರೊಬ್ಬರಿಂದ ಆಗುವ ಕೆಲಸವಲ್ಲ. ಆ ಮನೆಯಲ್ಲಿ ಅಡುಗೆಯ ಮೇಲೆ ಯಾರ ಮಾತು ನಡೆಯುತ್ತದೆ ಎಂದು ಕೇಳಿ ತಿಳಿದವರಿಂದ ಮಾತ್ರ ಅದು ಆದೀತು.

ಇನ್ನು ‘ದುಡ್ಡಿಲ್ಲ’ ಎಂಬುದು. ಇದು ಕನಿಕರದ ಮಾತಾದ್ದರಿಂದ ಇದರ ತಪ್ಪು ಸುಲಭಕ್ಕೆ ಕಾಣುವುದಿಲ್ಲ. ದುಡ್ಡಿಲ್ಲ ಎಂಬುದು ನಿಜ. ಆದರೆ ಯಾವ ದುಡ್ಡು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಅದು ಬಹುಮಟ್ಟಿಗೆ ದಾಖಲಾಗುವ ರೋಗಿಗಾಗಿ ಮಾಡಿದ್ದು. ಮಕ್ಕಳ ಮೂತ್ರಪಿಂಡದ ಕಾಯಿಲೆಯಾದರೋ ಹೆಚ್ಚು ದಿನ ನಡೆಯುವುದು ಹಾಸಿಗೆಯ ಹೊರಗೆ, ತಿಂಗಳಿಗೊಮ್ಮೆಯ ಭೇಟಿಯಲ್ಲಿ, ಮನೆಯಲ್ಲಿ ನುಂಗುವ ಮಾತ್ರೆಯಲ್ಲಿ.

ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಬರುವ ತಾಯಿಯನ್ನು ಊಹಿಸಿಕೊಳ್ಳಿ. ಮಕ್ಕಳ ಮೂತ್ರಪಿಂಡ ತಜ್ಞರು ಬಹುಪಾಲು ಇರುವುದು ಬೆಂಗಳೂರಿನಲ್ಲಿ, ನಾನೂರು ಕಿಲೋಮೀಟರಿಗೂ ಆಚೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವಳಿಗೆ ಟಿಕೆಟ್ ಇಲ್ಲ. ಇದು ಈ ಚಿಕಿತ್ಸಾಲಯಗಳ ಮಟ್ಟಿಗೆ ದೊಡ್ಡ ಉಪಕಾರವೆಂದೇ ನಾನು ತಿಳಿದಿದ್ದೇನೆ. ಆರು ತುಂಬಿದ ಮಗನಿಗೆ ಅರ್ಧ ಟಿಕೆಟ್ ಬೇಕು. ಗಂಡ ಜೊತೆಗೆ ಬಂದರೆ ಅವನದು ಪೂರ್ತಿ. ಆದ್ದರಿಂದ ಅವನು ಬರುವುದಿಲ್ಲ, ಅವಳೊಬ್ಬಳೇ ಬರುತ್ತಾಳೆ. ರಾತ್ರಿ ಹೊರಟು ಬೆಳಿಗ್ಗೆ ಇಳಿದು, ಚೀಟಿ ಮಾಡಿಸಿ, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ವೈದ್ಯರನ್ನು ಕಂಡು, ಮತ್ತೆ ರಾತ್ರಿಯ ಬಸ್ಸು. ಮರುದಿನ ಕೆಲಸಕ್ಕೆ ಹೋಗಲು ಮೈಯಲ್ಲಿ ತ್ರಾಣವಿರುವುದಿಲ್ಲ. 2024–25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎರಡು ದಿನದ ಕೂಲಿ ಹೋಯಿತು. ಸುಗ್ಗಿಯ ಕಾಲವಾದರೆ ಕೂಲಿಯ ಜೊತೆಗೆ ಮುಂದಿನ ವರ್ಷವೂ ಕರೆಯುವ ಹೊಲದವರ ನಂಟೂ ಹೋಗುತ್ತದೆ. ಮನೆಯಲ್ಲಿ ಬಿಟ್ಟುಬಂದ ಚಿಕ್ಕ ಮಗುವಿಗೆ ಊಟ ಹಾಕುವವರು ಯಾರು ಎಂಬುದು ಬೇರೆ. ರಕ್ತದ ರಿಪೋರ್ಟು ಮಧ್ಯಾಹ್ನ ನಾಲ್ಕರ ನಂತರ ಬಂದು, ‘ಡಾಕ್ಟರು ಹೋದರು, ನಾಳೆ ಬನ್ನಿ’ ಎಂದರೆ ಇನ್ನೊಂದು ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ಕಳೆಯಬೇಕು.

ಇದರಲ್ಲಿ ಯಾವ ಯೋಜನೆಯ ಕಾರ್ಡು ಭರಿಸುವ ಖರ್ಚು ಎಷ್ಟಿದೆ? ತಾಲ್ಲೂಕು ಆಸ್ಪತ್ರೆಯಲ್ಲೇ ಹಿಂದಿನ ವಾರ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಫೋನಿನಲ್ಲಿ ತರಿಸಿಕೊಂಡು, ಎರಡು ಭೇಟಿಗಳಲ್ಲಿ ಒಂದನ್ನು ಫೋನಿನ ಮೇಲೆ ಮುಗಿಸಿ, ದೂರದಿಂದ ಬರುವವರ ಚೀಟಿಯನ್ನು ಮೊದಲು ಕರೆದರೆ ಈ ತಾಯಿಗೆ ಉಳಿಯುವುದು ಯಾವ ದಾನಿಯೂ ಕೊಡಲಾಗದಷ್ಟು. ಇದಕ್ಕೆ ಹಣವೇ ಬೇಡ. ದಿನಚರಿ ಬದಲಾಗಬೇಕು. ದಿನಚರಿ ಬದಲಿಸಿ ಎಂದು ಹೇಳುವ ಹಕ್ಕು ಸಮಾಜ ಕಾರ್ಯಕರ್ತೆಗಿಲ್ಲ. ಆಕೆಗಿರುವುದು ರೆಫರಲ್ ಪತ್ರ, ಪಡಿತರ ಚೀಟಿಯ ನಕಲು, ಎಸ್ಟಿಮೇಟು, ಟ್ರಸ್ಟುಗಳಿಗೆ ಬರೆಯುವ ಮನವಿ. ಪತ್ರಿಕೆಗಳಲ್ಲಿ ‘ನೆರವಿಗೆ ಮನವಿ’ ಎಂದು ಮಗುವಿನ ಚಿತ್ರ ಅಚ್ಚಾಗುತ್ತದೆ, ಮೂತ್ರಪಿಂಡದ ಕಸಿಗೆ ಹಣ ಕೂಡುತ್ತದೆ, ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಕಸಿಯ ಮಾರನೆಯ ದಿನದಿಂದ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮಾತ್ರೆಗಳು ಹೊತ್ತಿಗೆ ಸರಿಯಾಗಿ, ಆ ಮೂತ್ರಪಿಂಡ ಇರುವವರೆಗೂ ಬೇಕು ಎಂಬುದಕ್ಕೆ ಯಾವ ಮನವಿಯೂ ಅಚ್ಚಾಗುವುದಿಲ್ಲ.

ಸಮಾಜ ಕಾರ್ಯಕರ್ತೆಯನ್ನು ಹೀಗೆ ಬಾಗಿಲ ಬಳಿ ಕೂರಿಸುವುದು ಇಂದಿನ ಚಾಳಿಯಲ್ಲ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೂವರ್ಟ್ ಎಂಬಾಕೆಯನ್ನು ನೇಮಿಸಿದ್ದೇ ಉಚಿತ ಚಿಕಿತ್ಸೆಗೆ ಬರುವವರಲ್ಲಿ ಹಣ ಕೊಡಬಲ್ಲವರು ಯಾರು ಎಂದು ಪತ್ತೆಮಾಡಲು. ಆಕೆ ವಿಚಾರಿಸುತ್ತ ಹೋದಂತೆ ಕಂಡದ್ದು ಬೇರೆ: ಬಂದವರು ಮೋಸಗಾರರಲ್ಲ, ಅವರಿಗೆ ಬರೆದುಕೊಟ್ಟ ಚಿಕಿತ್ಸೆ ಅವರ ಬದುಕಿನಲ್ಲಿ ನಡೆಸಲಾಗದ್ದು. ಹತ್ತು ವರ್ಷದ ನಂತರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ಅದನ್ನೇ ಕಂಡು, ಹೊರರೋಗಿ ವಿಭಾಗದಲ್ಲಿ ಸಮಾಜ ಕಾರ್ಯ ಆರಂಭಿಸಿದರು. ಅದರ ಖರ್ಚಿಗೆ ತಮ್ಮ ಜೇಬಿನಿಂದಲೂ ಹಾಕಿದರು. ಆಸ್ಪತ್ರೆ ಅದನ್ನು ತನ್ನದೆಂದು ಒಪ್ಪಿಕೊಂಡದ್ದು 1919ರಲ್ಲಿ. ನಮ್ಮಲ್ಲಿ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕ 1946ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ.

ಮೂತ್ರಪಿಂಡದ ಚಿಕಿತ್ಸೆಯ ಇತಿಹಾಸದಲ್ಲಂತೂ ‘ಸಾಮಾಜಿಕ ಪರಿಶೀಲನೆ’ ಎಂಬುದಕ್ಕೆ ಭಯಾನಕ ನೆನಪೊಂದು ಅಂಟಿಕೊಂಡಿದೆ. 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಯಂತ್ರಗಳು ಕೆಲವೇ, ಸಾಯುತ್ತಿರುವವರು ಬಹಳ. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು. ರೋಗಿಯ ಮದುವೆ, ಮಕ್ಕಳು, ಆದಾಯ, ಚರ್ಚಿಗೆ ಹೋಗುವ ಅಭ್ಯಾಸ, ಎಲ್ಲವೂ ತೂಕಕ್ಕೆ ಬಂದವು. ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಬರೆದ ವರದಿಯಿಂದ ಜಗತ್ತಿಗೆ ಇದು ತಿಳಿಯಿತು. ಆದರೆ ಆ ಸಮಿತಿಯ ಮುಂದೆ ಬರುವುದಕ್ಕೂ ಮೊದಲೇ ವೈದ್ಯರ ಸಲಹೆಯಂತೆ ಒಂದು ಗುಂಪು ಹೊರಗುಳಿದಿತ್ತು: ಮಕ್ಕಳು. ಅವರು ಸೂಜಿಗೆ ಹೆದರುತ್ತಾರೆ, ಪಥ್ಯ ತಡೆಯುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದು ಕಾರಣ. ಇಂದು ಈ ಕಾರಣಗಳನ್ನು ಯಾವ ವೈದ್ಯರೂ ಹೇಳುವುದಿಲ್ಲ. ಆದರೆ ‘ಈ ಮನೆಯವರಿಂದ ಪೆರಿಟೋನಿಯಲ್ ಡಯಾಲಿಸಿಸ್ ಆಗದು’ ಎಂಬ ಮಾತು ಈಗಲೂ ಕೇಳಿಬರುತ್ತದೆ. ಹೊಟ್ಟೆಯೊಳಗೆ ದ್ರವ ತುಂಬಿ ಇಳಿಸುವ ಈ ವಿಧಾನ ಮನೆಯಲ್ಲೇ ಆಗುವಂಥದು, ರಕ್ತನಾಳ ಸಣ್ಣದಿರುವ ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಕೈಯಿಂದ ಮಾಡಿದರೆ ದಿನಕ್ಕೆ ಸುಮಾರು ನಾಲ್ಕು ಸಲ. ಕೈ ಸರಿಯಾಗಿ ತೊಳೆಯದಿದ್ದರೆ ಸೋಂಕು. ಒಂದೇ ಕೋಣೆಯ ಮನೆ, ಓದದ ತಾಯಿ ಎಂದು ಗೊತ್ತಾದ ಕೂಡಲೇ ಆಗದು ಎಂಬ ತೀರ್ಪು. ಯಾರಾದರೂ ಹೋಗಿ ಮನೆ ನೋಡಿದರೇ? ಒಂದು ಮೂಲೆಗೆ ಪರದೆ ಕಟ್ಟಬಹುದೇ, ತಿಂಗಳಿಗಾಗುವ ದ್ರವದ ಚೀಲಗಳ ಪೆಟ್ಟಿಗೆ ಪಕ್ಕದ ಮನೆಯಲ್ಲಿ ಇಡಬಹುದೇ, ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿದರೇ? ಅಕ್ಷರ ಬಾರದ ಕೈಗೂ ಶುಚಿಯ ಕ್ರಮ ಬರುತ್ತದೆ. ಕಲಿಸುವವರಿಗೆ ವ್ಯವಧಾನ ಬೇಕು.

ಶಾಲೆಯ ಬಗ್ಗೆ ಹೇಳದಿದ್ದರೆ ಈ ತಕರಾರು ಅರ್ಧವೇ. ಹುಟ್ಟಿನಿಂದಲೇ ಮೂತ್ರನಾಳದಲ್ಲಿ ಕವಾಟದ ತಡೆ ಇರುವ ಗಂಡುಮಕ್ಕಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರವೂ ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಖಾಲಿ ಮಾಡಬೇಕು. ತಪ್ಪಿದರೆ ಮೂತ್ರ ಮೇಲಕ್ಕೆ ಒತ್ತಿ, ಸೋಂಕಾಗಿ, ಉಳಿದಿರುವ ಮೂತ್ರಪಿಂಡವೂ ಹೋಗುತ್ತದೆ. ಅಂದರೆ ಎಂಟು ವರ್ಷದ ಹುಡುಗನ ಮೂತ್ರಪಿಂಡ ಉಳಿಯುವುದು ಅವನ ಶಾಲೆಯ ಶೌಚಾಲಯಕ್ಕೆ ನೀರು ಮತ್ತು ಚಿಲಕ ಇದೆಯೇ ಎಂಬುದರ ಮೇಲೆ ನಿಂತಿದೆ. ಮುಖ್ಯೋಪಾಧ್ಯಾಯರಿಗೆ ಒಂದು ಫೋನು, ಒಂದು ಪತ್ರ, ಸಾಧ್ಯವಾದರೆ ಒಂದು ಭೇಟಿ. ಶಾಲೆಯಲ್ಲಿ ಮೊಟ್ಟೆ ತಿನ್ನದವರಿಗೆ ಕೊಡುವ ಬಾಳೆಹಣ್ಣನ್ನು ಪೊಟ್ಯಾಸಿಯಂ ಏರುವ ಇನ್ನೊಂದು ಮಗುವಿಗೆ ಕೊಡಬಾರದು ಎಂದು ತಿಳಿಸುವುದೂ ಅದೇ ಫೋನಿನಲ್ಲಿ ಆದೀತು. ಈ ಫೋನು ಮಾಡುವುದು ಯಾರ ಕೆಲಸ ಎಂದು ಕೇಳಿ ನೋಡಿ. ವೈದ್ಯರು ಸಮಾಜ ಕಾರ್ಯಕರ್ತೆಯ ಕಡೆ ನೋಡುತ್ತಾರೆ, ಆಕೆ ಎದುರಿಗಿರುವ ಅರ್ಜಿಗಳ ರಾಶಿಯ ಕಡೆ.

ತಾಯಿ ಮೂತ್ರಪಿಂಡ ಕೊಡುವ ವಿಷಯ ಇನ್ನೂ ಸೂಕ್ಷ್ಮ. ಅಂಗಾಂಗ ಕಸಿ ಕಾಯ್ದೆಯ 2014ರ ನಿಯಮಗಳು ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಇನ್ನೊಬ್ಬರು ದೃಢಪಡಿಸಬೇಕು ಎನ್ನುತ್ತವೆ. ಒಳ್ಳೆಯದೇ. ಆದರೆ ಬರೆದವರ ಕಣ್ಣಮುಂದೆ ಇದ್ದುದು ಹೆಂಡತಿಯಿಂದ ಪಡೆಯುವ ಗಂಡ ಎಂದು ತೋರುತ್ತದೆ. ಇಲ್ಲಿ ಪಡೆಯುವುದು ಆರು ವರ್ಷದ ಮಗು, ಅದು ಯಾರ ಮೇಲೂ ಒತ್ತಡ ಹಾಕುವುದಿಲ್ಲ. ಒತ್ತಡ ಮನೆಯಿಂದ ಬರುತ್ತದೆ, ಆಸ್ಪತ್ರೆಯಿಂದಲೂ ಬರುತ್ತದೆ. ‘ಅಮ್ಮ ಕೊಡದೆ ಇನ್ಯಾರು ಕೊಡ್ತಾರೆ’ ಎಂಬ ಮಾತು ಅದಕ್ಕೆ ಸಾಕು. ದುಡಿಯುವ ಗಂಡಸಿನ ಮೈಗೆ ಕತ್ತರಿ ಬೇಡ ಎಂಬ ಲೆಕ್ಕ ಅದರೊಳಗೇ ಇದೆ. ತಾಯಿ ಬೇಡ ಎನ್ನಬೇಕೆಂದು ನಾನು ಹೇಳುತ್ತಿಲ್ಲ. ಬಹುಪಾಲು ತಾಯಂದಿರು ಎರಡು ಮಾತಿಲ್ಲದೆ ಕೊಡುತ್ತಾರೆ, ಆ ಪ್ರೀತಿ ನಿಜವಾದದ್ದು. ಆದರೆ ಆಕೆಗೆ ಒಂಟಿಯಾಗಿ, ಬಾಗಿಲು ಹಾಕಿದ ಕೋಣೆಯಲ್ಲಿ, ತನ್ನ ಭಯವನ್ನು ಹೇಳಿಕೊಳ್ಳುವ ಅರ್ಧ ಗಂಟೆ ಸಿಗಬೇಕು. ಶಸ್ತ್ರಚಿಕಿತ್ಸೆಯ ನಂತರ ಆಕೆಯನ್ನು ನೋಡಿಕೊಳ್ಳುವವರು ಯಾರು ಎಂಬುದೂ ಮೊದಲೇ ಕೇಳಬೇಕಾದ ಪ್ರಶ್ನೆ.

ಎದುರು ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಮಗುವನ್ನು ನಿಜವಾಗಿಯೇ ಕೈಬಿಡುವ ಮನೆಗಳಿವೆ. ಹೆಣ್ಣುಮಗುವಾದರೆ ಡಯಾಲಿಸಿಸ್‌ಗೆ ಹಿಂಜರಿಕೆ ಹೆಚ್ಚು. ಚಿಕಿತ್ಸಾಲಯಗಳಲ್ಲಿ ಗಂಡುಮಕ್ಕಳೇ ಹೆಚ್ಚಿರುವುದಕ್ಕೆ ಹುಟ್ಟಿನ ದೋಷಗಳು ಗಂಡುಮಕ್ಕಳಲ್ಲಿ ಹೆಚ್ಚಿರುವುದೂ ಕಾರಣವಾದ್ದರಿಂದ ಬರೀ ಸಂಖ್ಯೆ ನೋಡಿ ತೀರ್ಪು ಕೊಡಲಾಗದು. ಆದರೆ ಮಗಳಿಗೆ ಕಸಿ ಎಂದಾಗ ಮನೆಯಲ್ಲಿ ಬೀಳುವ ಮೌನವನ್ನು ಈ ಕೆಲಸದಲ್ಲಿರುವವರು ಬಲ್ಲರು. ಇಂಥಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮೊರೆಹೋಗಬೇಕಾಗಬಹುದು. ಅದಕ್ಕೂ ಬೇಕಾದದ್ದು ವಿಚಾರಣೆಯೇ. ಬಡತನಕ್ಕೆ ಸೋತ ಮನೆ ಯಾವುದು, ಮಗಳೆಂದು ಕೈಬಿಟ್ಟ ಮನೆ ಯಾವುದು ಎಂದು ಬಿಡಿಸಿ ನೋಡದೆ ಇಬ್ಬರಿಗೂ ಒಂದೇ ಸಾಲು ಬರೆದರೆ ಮೊದಲನೆಯವರಿಗೆ ಅವಮಾನ, ಎರಡನೆಯ ಮನೆಯ ಮಗುವಿಗೆ ರಕ್ಷಣೆ ಇಲ್ಲ.

ಸಮಾಜ ಕಾರ್ಯಕರ್ತೆಯ ಹುದ್ದೆಗೆ ಹಣವೆಲ್ಲಿ ಎಂಬ ಪ್ರಶ್ನೆಗೂ ಉತ್ತರವಿದೆ. ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿಯ ಪ್ರಕಾರ ಕಸಿ ಸಂಯೋಜಕರನ್ನು ನೇಮಿಸದ ಆಸ್ಪತ್ರೆಗೆ ಕಸಿಯ ನೋಂದಣಿಯೇ ಇಲ್ಲ. ಕಾನೂನು ಬೇಕೆಂದಾಗ ಹುದ್ದೆ ಹುಟ್ಟಿತು. ಅಮೆರಿಕದಲ್ಲಿ 1973ರಿಂದ ಸರ್ಕಾರ ಡಯಾಲಿಸಿಸ್‌ನ ಖರ್ಚು ವಹಿಸಿಕೊಂಡಿತು. 1976ರ ನಿಯಮಗಳಲ್ಲೇ ಪ್ರತಿ ಡಯಾಲಿಸಿಸ್ ಘಟಕದಲ್ಲೂ ಅರ್ಹ ಸಮಾಜ ಕಾರ್ಯಕರ್ತರು ಇರಬೇಕೆಂದು ಹೇಳಿತು. ನಮ್ಮ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು, ತಾಲ್ಲೂಕುಗಳವರೆಗೂ ಯಂತ್ರಗಳು ಬಂದವು. ಅವು ಬಹುತೇಕ ದೊಡ್ಡವರಿಗಾಗಿ. ಮಗುವಿಗೆ ಬೇಕಾದ ಸಣ್ಣ ಡಯಲೈಸರ್, ಮಗುವನ್ನು ಹಿಡಿದು ಕೂರಿಸಿ ಸೂಜಿ ಹಾಕಬಲ್ಲ ದಾದಿ ಅಲ್ಲಿ ಸಿಗುವುದು ಕಷ್ಟ. ಊರ ಪಕ್ಕದಲ್ಲೇ ಡಯಾಲಿಸಿಸ್ ಇದ್ದೂ ಮಗು ಬೆಂಗಳೂರಿಗೆ ಬರಬೇಕು.

ಕಾನೂನಿನಲ್ಲಿ ಇನ್ನೊಂದು ಬಿರುಕೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ ಅದರಲ್ಲಿವೆ, ಇರಲೇಬೇಕು. ವಾರಕ್ಕೆ ಎರಡು ಮೂರು ದಿನ ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಸಿಕೊಂಡು ಶಾಲೆ ತಪ್ಪಿಸುವ, ಓರಗೆಯವರಿಗಿಂತ ಗೇಣುದ್ದ ಕುಳ್ಳಗಿರುವ ಮೂತ್ರಪಿಂಡದ ಮಗು ಅದರಲ್ಲಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲವೆಂದರೆ ಅದರ ಮೇಲೆ ಸಿಗುವ ವಿದ್ಯಾರ್ಥಿವೇತನ, ಮಾಸಾಶನ, ಪರೀಕ್ಷೆಯ ವಿನಾಯಿತಿ ಯಾವುದೂ ಇಲ್ಲ. ಪಟ್ಟಿಗೆ ಸೇರಿಸಲು ಸಂಸತ್ತಿನ ತಿದ್ದುಪಡಿಯೂ ಬೇಡ, ಕೇಂದ್ರ ಸರ್ಕಾರದ ಅಧಿಸೂಚನೆ ಸಾಕು ಎಂದು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ.

ಕೊನೆಗೆ, ಚಿಕಿತ್ಸೆ ನಿಲ್ಲಿಸುವ ಮನೆಗಳು. ಎಲ್ಲ ಮಾಡಿದ ಮೇಲೂ ಕೆಲವರಿಗೆ ಆಗುವುದಿಲ್ಲ. ಕಸಿಗೆ ದಾನಿಯಿಲ್ಲ, ಸೋಂಕು ಮೇಲಿಂದ ಮೇಲೆ, ಇನ್ನಿಬ್ಬರು ಮಕ್ಕಳ ಹೊಟ್ಟೆ. ಅವರಿಂದ ನಾವು ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತೇವೆ. ಆಮೇಲೆ ಮಗುವಿಗೆ ಉಸಿರುಕಟ್ಟಿದಾಗ, ವಾಂತಿ ನಿಲ್ಲದಾಗ ಆ ತಂದೆತಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರುತ್ತಾರೆ. ಬೈಸಿಕೊಂಡು ಹೋದವರು ತಾವು ಎಂದುಕೊಂಡಿರುತ್ತಾರೆ. ಈ ಮನೆಗಳ ಹೆಸರನ್ನು ಪಟ್ಟಿಯಿಂದ ತೆಗೆಯಬಾರದು. ಹೊರಡುವ ಮೊದಲು ಸಮಾಜ ಕಾರ್ಯಕರ್ತೆ ಅವರೊಡನೆ ಕೂತು, ಮುಂದೆ ಏನಾಗಬಹುದು ಎಂದು ಮುಚ್ಚಿಡದೆ ಹೇಳಬೇಕು. ಸಂಕಟ ಇಳಿಸುವ ಔಷಧಿ ಕಟ್ಟಿಸಿ, ಊರಿನ ಹತ್ತಿರದ ವೈದ್ಯರೊಬ್ಬರಿಗೆ ಪತ್ರ ಬರೆದು, ತನ್ನ ಫೋನ್ ನಂಬರ್ ಕೊಡಬೇಕು. ಮೂರು ದಿನ ಬಿಟ್ಟು ಆಕೆಯೇ ಫೋನ್ ಮಾಡಬೇಕು. ಯಾರು ಮಾಡಿದರು, ಯಾವಾಗ ಮಾಡಿದರು, ಮನೆಯವರು ಏನೆಂದರು ಎಂಬುದು ಕ್ರಿಯಾಟಿನಿನ್ ಬರೆಯುವ ಅದೇ ಪುಟದಲ್ಲಿ, ಅದೇ ಶಾಯಿಯಲ್ಲಿ ಬರಬೇಕು.